ಸೀಸೆಯ ಪ್ರೋಟೀನು ಮದ್ದಾಗುತ್ತದೆಯೇ?

ಪ್ರಶ್ನೆ: ಮಗಳು ಪ್ರಯೋಗಾಲಯದಲ್ಲಿ ‘ರಿಕಾಂಬಿನೆಂಟ್ ಹ್ಯೂಮನ್ ಟ್ರೇಲ್’ ಎಂಬ ಪ್ರೋಟೀನು ಬಳಸುತ್ತಾಳೆ. ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದಂತೆ. ಮನುಷ್ಯರ ರಕ್ತದಿಂದ ತೆಗೆದದ್ದೇ? ನನ್ನ ಅತ್ತಿಗೆಗೆ ಕೊಡಬಹುದೇ?
ಓದುಗರೊಬ್ಬರು, ಬದಿಯಡ್ಕ

ಉತ್ತರ: ರಕ್ತದಿಂದಲ್ಲ ಅಮ್ಮಾ. ಮನುಷ್ಯನ ಜೀನನ್ನು ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಅದರಿಂದ ಪ್ರೋಟೀನು ಮಾಡಿಸಿ ಶುದ್ಧಗೊಳಿಸುತ್ತಾರೆ. ಇನ್ಸುಲಿನ್ನನ್ನೂ ಹೀಗೆ ಮಾಡುತ್ತಾರೆ.

ನಿಮ್ಮ ತೋಟದಲ್ಲಿ ಹಣ್ಣಾದ ಅಡಿಕೆ ಸೋಗೆ ಹಾಳೆ ಸಮೇತ ತಾನಾಗಿ ಕಳಚಿ ಬೀಳುತ್ತದಲ್ಲ? ಜೀವಕೋಶವೂ ಹೊತ್ತು ಬಂದಾಗ ಹಾಗೇ ಸಾಯುತ್ತದೆ. 1972ರಲ್ಲಿ ಕೆರ್, ವೈಲಿ, ಕರಿ ಎಂಬ ವಿಜ್ಞಾನಿಗಳು ಇದನ್ನು ‘ಅಪೊಪ್ಟೋಸಿಸ್’ ಎಂದರು. ಗ್ರೀಕಿನಲ್ಲಿ ಎಲೆ ಉದುರುವುದು ಎಂದರ್ಥ. ಕ್ಯಾನ್ಸರ್ ಕೋಶ ಉದುರಲು ಒಪ್ಪದ ಸೋಗೆ. ಟ್ರೇಲ್ ಅದರ ಹೊರಮೈಯ ಗ್ರಾಹಕಕ್ಕೆ, ಅಂದರೆ ಹೊರಗಿನ ಸಂಕೇತ ಹಿಡಿಯುವ ಪ್ರೋಟೀನಿಗೆ ಅಂಟಿ, ಕೋಶವನ್ನು ಒಳಗಿಂದಲೇ ಕತ್ತರಿಸುವ ಕ್ಯಾಸ್ಪೇಸ್ ಕಿಣ್ವಗಳನ್ನು ಎಬ್ಬಿಸುತ್ತದೆ. ನಾನೇ ಸೂಕ್ಷ್ಮದರ್ಶಕದಲ್ಲಿ ಕಂಡಿದ್ದೇನೆ: ಬೆಳಿಗ್ಗೆ ತಟ್ಟೆಗೆ ಚಪ್ಪಟೆಯಾಗಿ ಅಂಟಿದ್ದ ಕೋಶಗಳು ಸಂಜೆಯೊಳಗೆ ದುಂಡಗಾಗಿ, ಮೈಯೆಲ್ಲ ಗುಳ್ಳೆಯೆದ್ದು ಚೂರಾದವು. ಆ ದಿನ ಊಟ ಮರೆತು ನೋಡುತ್ತ ಕುಳಿತಿದ್ದೆ.

ದೇಹದೊಳಗೆ ಮಾತ್ರ ಅಷ್ಟು ಸುಲಭವಿಲ್ಲ. ಟ್ರೇಲನ್ನೇ ಡುಲಾನರ್ಮಿನ್ ಎಂಬ ಹೆಸರಿನಲ್ಲಿ ರೋಗಿಗಳಿಗೆ ಕೊಟ್ಟು ನೋಡಿದರು. ರಕ್ತದಿಂದ ಬೇಗನೆ ಇಲ್ಲವಾಯಿತು, ನಿರೀಕ್ಷಿಸಿದಷ್ಟು ಗುಣ ಕಾಣಲಿಲ್ಲ. ಮಗಳ ಕೈಯಲ್ಲಿರುವ ಸೀಸೆ ಸಂಶೋಧನೆಗೆ ಮಾತ್ರ, ಚುಚ್ಚುವ ಮದ್ದಲ್ಲ. ಅತ್ತಿಗೆಯವರ ಈಗಿನ ಚಿಕಿತ್ಸೆ ದಯವಿಟ್ಟು ನಿಲ್ಲಿಸಬೇಡಿ. ಮಂಗಳೂರಿಗೆ ಹೋಗಬೇಕಾದ ದಿನ ಮಳೆ ಬಂದರೂ ಹೊರಡಿಸಿ.