ಸಂಗೀತ ಪ್ರಶ್ನೋತ್ತರ: ಎರಡನೆಯ ಆಲ್ಬಮಿಗೆ ಒಂದು ಗಿಟಾರ್ ಸಾಕೇ?

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಗಂಗಾವತಿಯ ಯುವ ಗಾಯಕಿಯೊಬ್ಬರ ಪತ್ರ ವಿಸ್ತಾರವಾದ ಉತ್ತರವನ್ನು ಬೇಡುವಂಥದ್ದು. ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳದಿಂದ ಬಂದ ಇನ್ನು ಮೂರು ಪ್ರಶ್ನೆಗಳೂ ಅದೇ ವಿಷಯಕ್ಕೆ ಹತ್ತಿರವಾಗಿರುವುದರಿಂದ ಎಲ್ಲವನ್ನೂ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಾನೇ ಬರೆದು, ರಾಗ ಹಾಕಿ, ಹಾಡಿದ ಮೊದಲ ಆಲ್ಬಮನ್ನು ಕೀಬೋರ್ಡ್, ಬೇಸ್ ಗಿಟಾರ್ ಮತ್ತು ಕಂಪ್ಯೂಟರಿನಲ್ಲಿ ಕೂಡಿಸಿದ ಡ್ರಮ್ಸ್‌ನೊಂದಿಗೆ ಹೊರತಂದೆ. ಎರಡನೆಯದನ್ನು ಬಹುಮಟ್ಟಿಗೆ ಅಕೂಸ್ಟಿಕ್ ಗಿಟಾರ್ ಮತ್ತು ನನ್ನ ಧ್ವನಿಯಲ್ಲೇ ಮುಗಿಸಬೇಕೆಂದಿದ್ದೇನೆ. ಒಂದೆರಡು ಹಾಡುಗಳಿಗೆ ಏಕತಾರಿ ಮತ್ತು ದಮ್ಮಡಿ ಸೇರಬಹುದು. ಬೀಟ್ ಇಲ್ಲದಿದ್ದರೆ ಯಾರೂ ಕೇಳುವುದಿಲ್ಲ, ಇದು ಹಿಂದಕ್ಕೆ ಹೋದ ಹಾಗೆ ಎಂದು ಗೆಳೆಯರು ಹೇಳುತ್ತಾರೆ. ತಮ್ಮ ಅಭಿಪ್ರಾಯವೇನು? (ಗಾಯಕಿ, ಗಂಗಾವತಿ)

ಉತ್ತರ: ಗೆಳೆಯರ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ಮೊದಲು ನೋಡೋಣ. ಡ್ರಮ್ಸ್ ತೆಗೆದ ಮೇಲೂ ಹಾಡಿಗೆ ಲಯ ಬೇಕೇ ಬೇಕು, ಮತ್ತು ಅದನ್ನು ಹೊರುವ ಹೊಣೆ ಇನ್ನು ಮುಂದೆ ನಿಮ್ಮ ಬಲಗೈಗೂ ನೀವು ಬರೆದ ಸಾಲುಗಳಿಗೂ ಬರುತ್ತದೆ. ಗಿಟಾರ್ ಕಲಿತವರ ಕೈಗೆ ಮೊದಲು ಹತ್ತುವುದು ನಾಲ್ಕೆಣಿಕೆಯ ಸ್ಟ್ರಮ್ಮಿಂಗ್, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಸವರಿ ನುಡಿಸುವುದು. ಕನ್ನಡದ ಸಾಲುಗಳಾದರೋ ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳಲ್ಲಿ ನಡೆಯುತ್ತವೆ. ಭಾಮಿನಿ ಷಟ್ಪದಿಯ ಚಿಕ್ಕ ಸಾಲು ಮೂರು–ನಾಲ್ಕು, ಮೂರು–ನಾಲ್ಕು ಎಂದು ಒಟ್ಟು 14 ಮಾತ್ರೆಗಳಲ್ಲಿ ಮುಗಿಯುತ್ತದೆ. ಅಂಥ ನಡೆಯ ಸಾಲನ್ನು ನಾಲ್ಕೆಣಿಕೆಯೊಳಗೆ ತುರುಕಿದಾಗ ಹ್ರಸ್ವಾಕ್ಷರಗಳು ಎಳೆದು ದೀರ್ಘವಾಗುತ್ತವೆ, ‘ಮಳೆಯ’ ಎಂಬುದು ‘ಮಳೇಯ’ ಎಂದು ಕೇಳಿಸುತ್ತದೆ, ಪದದ ನಡುವೆಯೇ ಉಸಿರು ತುಂಡಾಗುತ್ತದೆ. ಕೀಬೋರ್ಡು, ಡ್ರಮ್ಸ್ ಇರುವಾಗ ಈ ದೋಷ ಹೇಗೋ ಮುಚ್ಚಿಹೋಗುತ್ತದೆ. ಗಿಟಾರ್ ಒಂದೇ ಇರುವಾಗ ಮೊದಲ ಸಾಲಿನಲ್ಲೇ ಬಯಲಿಗೆ ಬರುತ್ತದೆ. ಆದ್ದರಿಂದ ಹಾಡಿನ ನಡೆಯನ್ನು ಮೊದಲು ಕೈಚಪ್ಪಾಳೆಯಲ್ಲಿ ಎಣಿಸಿಕೊಳ್ಳಿ. ಏಳರ ನಡೆಯಾದರೆ ಒಂದನೆಯ ಮತ್ತು ನಾಲ್ಕನೆಯ ಮಾತ್ರೆಗಳಲ್ಲಿ ಹೆಬ್ಬೆರಳು ದಪ್ಪ ತಂತಿಯನ್ನು ಮೀಟಲಿ, ಉಳಿದ ಮಾತ್ರೆಗಳನ್ನು ಬೇರೆ ಬೆರಳುಗಳು ತುಂಬಲಿ. ಹೀಗೆ ಮಾಡಿದಾಗ ಗೆಳೆಯರು ಕೇಳುತ್ತಿರುವ ಬೀಟ್ ನಿಮ್ಮ ಭಾಷೆಯೊಳಗಿನಿಂದಲೇ ಸಿಗುತ್ತದೆ, ಅದಕ್ಕಾಗಿ ಹೊರಗಿನಿಂದ ಏನನ್ನೂ ತರಬೇಕಾಗುವುದಿಲ್ಲ.

ಹಿಂದಕ್ಕೆ ಹೋಗುವುದೆಂಬ ಮಾತನ್ನು ಮಾತ್ರ ನಾವು ಒಪ್ಪುವುದಿಲ್ಲ. ಅಮೆರಿಕದ ಗಾಯಕ, ಗೀತರಚನಕಾರ ಬಾಬ್ ಡಿಲನ್ ಅವರ ಮೊದಲ ಆಲ್ಬಮಿನಲ್ಲಿ (1962) ಅವರು ಸ್ವತಃ ಬರೆದ ಹಾಡುಗಳು ಎರಡೇ. ಮರುವರ್ಷ ಬಂದ ಎರಡನೆಯ ಆಲ್ಬಮ್ ‘ದಿ ಫ್ರೀವೀಲಿನ್ ಬಾಬ್ ಡಿಲನ್’ನ 13 ಹಾಡುಗಳಲ್ಲಿ 11 ಅವರದೇ ರಚನೆಗಳು. ಆ 13ರ ಪೈಕಿ ವಾದ್ಯತಂಡದ ಸಾಥ್ ಇದ್ದದ್ದು ಒಂದೇ ಹಾಡಿಗೆ. ಉಳಿದವೆಲ್ಲ ಗಿಟಾರ್, ಹಾರ್ಮೋನಿಕಾ ಮತ್ತು ಕೊರಳು, ಅಷ್ಟೇ. ಧ್ವನಿಮುದ್ರಣ ಸುಮಾರು ಒಂದು ವರ್ಷ ಬಿಟ್ಟುಬಿಟ್ಟು ನಡೆಯಿತು, ಮುದ್ರಿಸಿಕೊಂಡ ಹಲವು ಹಾಡುಗಳನ್ನು ಕೈಬಿಡಲಾಯಿತು, ಬಿಡುಗಡೆಯ ಹೊಸ್ತಿಲಲ್ಲಿ ಕೂಡ ನಾಲ್ಕು ಹಾಡುಗಳು ಬದಲಾದವು. ವಾದ್ಯ ಕಡಿಮೆಯಾದಷ್ಟೂ ಆಯ್ಕೆಯ ಕೆಲಸ ಕಠಿಣವಾಗುತ್ತದೆ ಎಂಬುದನ್ನು ಇದರಿಂದ ತಿಳಿಯಬಹುದು. ನಿಮ್ಮ ಬಳಿ ಎಂಟು ಹಾಡುಗಳಿದ್ದರೆ ಎಂಟನ್ನೂ ಹಾಕುವ ಯೋಚನೆ ಬೇಡ. ಹದಿನೈದು ಬರೆದು ಎಂಟನ್ನು ಆರಿಸಿಕೊಳ್ಳಿ. ಒಂದೊಂದನ್ನೂ ಗಿಟಾರ್ ಕೆಳಗಿಟ್ಟು ಬರಿಗೊರಳಿನಲ್ಲಿ ಪೂರ್ತಿ ಹಾಡಿ ನೋಡಿ. ಎರಡನೆಯ ಚರಣದ ಹೊತ್ತಿಗೆ ನಿಮಗೇ ಬೇಸರ ಬಂದರೆ ಅದು ಈ ಆಲ್ಬಮಿನ ಹಾಡಲ್ಲ.

ಇಂಥ ಆಲ್ಬಮಿನ ನಿಜವಾದ ಅಪಾಯ ಏಕತಾನತೆ. ಎಲ್ಲ ಹಾಡುಗಳೂ ಒಂದೇ ಶ್ರುತಿಯಲ್ಲಿ, ಒಂದೇ ವೇಗದಲ್ಲಿ, ಒಂದೇ ಬಗೆಯ ಮೀಟಿನಲ್ಲಿ ಬಂದರೆ ಸಾಹಿತ್ಯ ಎಷ್ಟೇ ಚೆನ್ನಾಗಿದ್ದರೂ ಕಿವಿ ದಣಿಯುತ್ತದೆ. ಶ್ರುತಿ ಏರಿಸಲು ಗಿಟಾರಿನ ಕುತ್ತಿಗೆಗೆ ಬಿಗಿಯುವ ಕೇಪೋವನ್ನು ಬೇರೆ ಬೇರೆ ಫ್ರೆಟ್‌ಗಳಿಗೆ (ಕುತ್ತಿಗೆಯ ಅಡ್ಡಪಟ್ಟಿಗಳಿಗೆ) ಏರಿಸಿ, ಇಳಿಸಿ ನೋಡಿ. ಒಂದೆರಡು ಹಾಡುಗಳಿಗೆ ತಂತಿಗಳ ಶ್ರುತಿಯನ್ನೇ ಬದಲಿಸಿ. ಬಾಲ್ಯದಲ್ಲಿ ಪೋಲಿಯೊದಿಂದ ಎಡಗೈ ಬಲಗುಂದಿದ್ದ ಕೆನಡಾದ ಗಾಯಕಿ ಜೋನಿ ಮಿಚೆಲ್, ಕಷ್ಟದ ಬೆರಳುಹಿಡಿತಗಳನ್ನು ತಪ್ಪಿಸುವುದಕ್ಕಾಗಿ ತಂತಿಗಳನ್ನು ಬೇರೆ ಬೇರೆ ಬಗೆಯಲ್ಲಿ ಶ್ರುತಿ ಮಾಡಿಕೊಂಡರು, ಅದರಿಂದ ಅವರ ಗಿಟಾರಿಗೆ ಬೇರಾರಲ್ಲೂ ಇಲ್ಲದ ನಾದ ಒದಗಿತು. 1969ರಲ್ಲಿ ಬಂದ ಅವರ ಎರಡನೆಯ ಆಲ್ಬಮ್ ‘ಕ್ಲೌಡ್ಸ್’ ಕೂಡ ಬಹುತೇಕ ಅವರ ಧ್ವನಿ ಮತ್ತು ಗಿಟಾರಿನ ಮೇಲೆಯೇ ನಿಂತಿದೆ. ಡಿಲನ್ ಮತ್ತು ಮಿಚೆಲ್ ಅವರ ಈ ಎರಡೂ ಆಲ್ಬಮ್‌ಗಳನ್ನು ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಪೂರ್ತಿಯಾಗಿ ಕೇಳಿ, ಆದರೆ ಅವುಗಳ ಉಚ್ಚಾರಣೆಯ ಒಯ್ಯಾರವನ್ನು ಮಾತ್ರ ಕನ್ನಡಕ್ಕೆ ತರಬೇಡಿ.

ಏಕತಾರಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಅದು ಒಂದೇ ಶ್ರುತಿಯನ್ನು ಬಿಡದೆ ಹಿಡಿದಿರುವುದರಿಂದ, ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಆಧಾರಷಡ್ಜವನ್ನು, ಅಂದರೆ ಹಾಡಿನ ಮೂಲ ‘ಸ’ವನ್ನು, ಬಿಟ್ಟು ದೂರ ಅಲೆಯುವ ಹಾಡಿಗೆ ಅದು ಹೊಂದುವುದಿಲ್ಲ. ಎರಡು ಮೂರು ಕಾರ್ಡ್‌ಗಳಲ್ಲೇ ನೆಲೆ ನಿಲ್ಲುವ ಹಾಡಿಗೆ ಅದನ್ನು ಕಾಯ್ದಿರಿಸಿ. ದಮ್ಮಡಿಯ ಬಿಲ್ಲೆಗಳ ಸದ್ದು ‘ಸ’, ‘ಶ’ ಅಕ್ಷರಗಳನ್ನು ನುಂಗಿಬಿಡುವುದರಿಂದ, ನುಡಿಸುವವರನ್ನು ನಿಮ್ಮ ಮೈಕಿನಿಂದ ಸಾಕಷ್ಟು ದೂರ ಕೂರಿಸಿ. ಇವೆರಡೂ ನಮ್ಮ ಕಡೆಯ ತತ್ವಪದದ ಮೇಳಗಳಲ್ಲಿ ಇಂದಿಗೂ ಕೈಯಲ್ಲಿರುವ ವಾದ್ಯಗಳು. ಕೇವಲ ಅಲಂಕಾರಕ್ಕೆಂದು ಬಳಸಬೇಡಿ, ನುಡಿಸಬಲ್ಲವರನ್ನು ಕರೆದು, ತಕ್ಕ ಸಂಭಾವನೆ ಕೊಟ್ಟು ನುಡಿಸಿ.

ಪ್ರಶ್ನೆ: ನಮ್ಮ ಭಾವಗೀತೆಗಳಲ್ಲಿ ಕವಿ ಬರೆದದ್ದನ್ನು ಗಾಯಕರು ಹಾಡಿದರು. ಈಗಿನವರು ತಾವೇ ಬರೆದು ತಾವೇ ಹಾಡಬೇಕೆಂದು ಹಟ ಹಿಡಿಯುವುದು ಪಾಶ್ಚಾತ್ಯರ ಅನುಕರಣೆಯಲ್ಲವೇ? (ನಿವೃತ್ತ ಶಿಕ್ಷಕರು, ಬಳ್ಳಾರಿ)

ಉತ್ತರ: ಭಾವಗೀತೆಯ ದಾರಿ ದೊಡ್ಡದು, ಗುರುಗಳೇ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ 1978ರಲ್ಲಿ ಬಂದ ಮೇಲೆ ಕವಿತೆ ಮನೆಮನೆಯ ಟೇಪ್‌ರೆಕಾರ್ಡರ್‌ ತಲುಪಿತು. ಆದರೆ ಬರೆದವರೇ ಹಾಡುವ ದಾರಿ ಅದಕ್ಕಿಂತ ಬಹಳ ಹಳೆಯದು, ಮತ್ತು ಅದು ಹಾದುಹೋಗುವುದು ನಮ್ಮ ಸೀಮೆಯಲ್ಲೇ. ಚೀಕಲಪರವಿಯ ವಿಜಯದಾಸರು, ಬ್ಯಾಗವಾಟದ ಜಗನ್ನಾಥದಾಸರು ಇಬ್ಬರೂ ರಾಯಚೂರು ಜಿಲ್ಲೆಯ ಮಾನ್ವಿ ಸೀಮೆಯವರು. ತಂಬೂರಿ, ತಾಳ, ಗೆಜ್ಜೆಗಳ ದಾಸಪರಂಪರೆಯಲ್ಲಿ ತಮ್ಮದೇ ಪದಗಳನ್ನು ಹಾಡಿ, ಕೊನೆಯಲ್ಲಿ ‘ವಿಜಯವಿಠಲ’, ‘ಜಗನ್ನಾಥವಿಠಲ’ ಎಂದು ಅಂಕಿತ ಹಾಕಿದವರು. ಅವರ ಬಹುಪಾಲು ಪದಗಳ ಮೂಲ ಮಟ್ಟು ನಮಗೆ ಉಳಿದಿಲ್ಲ, ಸಾಹಿತ್ಯ ಉಳಿದಿದೆ. ಬೇರೆ ಬೇರೆ ಮಟ್ಟುಗಳಲ್ಲಿ ಹಾಡಿದರೂ ಅದು ಸೊರಗುವುದಿಲ್ಲ. ಗಂಗಾವತಿಯ ಗಾಯಕಿ ಮಾಡಹೊರಟಿರುವುದು ಈ ಮಣ್ಣಿಗೆ ಪರಿಚಿತವಾದ ಕೆಲಸವೇ, ಕೈಯಲ್ಲಿರುವ ವಾದ್ಯ ಮಾತ್ರ ಬೇರೆ.

ಹಾಗೆಂದು ಹಾಡುವವರೆಲ್ಲರೂ ಬರೆಯಲೇಬೇಕೆಂದು ನಾವು ಹೇಳುವುದಿಲ್ಲ. ಒಳ್ಳೆಯ ಕೊರಳಿರುವವರು ಸಾಧಾರಣ ಸಾಲುಗಳನ್ನು ಬರೆದು ಆ ಕೊರಳನ್ನು ವ್ಯರ್ಥ ಮಾಡುವುದು ನೋವಿನ ಸಂಗತಿ. ಅಂಥವರು ಧ್ವನಿಮುದ್ರಣಕ್ಕೆ ಮುಂಚೆ ತಾವು ಬರೆದ ಸಾಹಿತ್ಯವನ್ನು ನಿಮ್ಮಂಥ ಹಿರಿಯ ಮೇಷ್ಟ್ರೊಬ್ಬರಿಗೆ ಓದಲು ಕೊಟ್ಟು, ನಿಷ್ಠುರವಾಗಿ ತಿದ್ದಿಸಿಕೊಂಡರೆ ತುಂಬ ಉಪಕಾರವಾಗುತ್ತದೆ.

ಪ್ರಶ್ನೆ: ಮನೆಯಲ್ಲೇ ಗಿಟಾರ್ ಮತ್ತು ಧ್ವನಿಯನ್ನು ರೆಕಾರ್ಡ್ ಮಾಡಬೇಕೆಂದಿದ್ದೇನೆ. ಫ್ಯಾನ್ ಹಾಕಿದರೆ ಸದ್ದು, ನಿಲ್ಲಿಸಿದರೆ ಸೆಕೆ. ಬೇಸಿಗೆಯಲ್ಲಿ ಗಿಟಾರಿನ ಶ್ರುತಿಯೂ ನಿಲ್ಲುವುದಿಲ್ಲ. ಏನು ಮಾಡಲಿ? (ವಿದ್ಯಾರ್ಥಿ, ರಾಯಚೂರು)

ಉತ್ತರ: ಫ್ಯಾನ್ ನಿಲ್ಲಿಸಲೇಬೇಕು, ಆದ್ದರಿಂದ ಧ್ವನಿಮುದ್ರಣವನ್ನು ನಸುಕಿಗೆ ಇಟ್ಟುಕೊಳ್ಳಿ, ಆ ಹೊತ್ತಿಗೆ ಸೆಕೆಯೂ ಕಡಿಮೆ, ಬೀದಿಯ ಸದ್ದೂ ಕಡಿಮೆ. ಬರಿಗೋಡೆಗಳಿಂದ ಮಾರ್ದನಿಸುವ ಸದ್ದನ್ನು ತಡೆಯಲು ಸ್ಟುಡಿಯೋದ ಫೋಮ್ ಹುಡುಕಬೇಕಾಗಿಲ್ಲ. ಮನೆಯ ದಪ್ಪ ಕೌದಿಗಳನ್ನು ನಿಮ್ಮ ಹಿಂದೆ ಮತ್ತು ಎರಡೂ ಪಕ್ಕಗಳಲ್ಲಿ ಹಗ್ಗಕ್ಕೆ ಇಳಿಬಿಟ್ಟು, ನೆಲಕ್ಕೆ ಒಂದು ಜಮಖಾನ ಹಾಸಿದರೆ ಸಾಕು. ಆದರೆ ಲಾರಿಯ ಗುಡುಗನ್ನಾಗಲಿ ಬೋರ್‌ವೆಲ್ ಮೋಟರಿನ ಗುಂಯ್‌ಗುಟ್ಟುವಿಕೆಯನ್ನಾಗಲಿ ಕೌದಿ ತಡೆಯಲಾರದು, ಏಕೆಂದರೆ ಕೆಳಕಂಪನದ ಸದ್ದು ಬಟ್ಟೆಯನ್ನು ದಾಟಿಯೇ ಬರುತ್ತದೆ. ಗಿಟಾರಿನ ಅತಿ ದಪ್ಪ ತಂತಿಯ ಕಂಪನ ಸೆಕೆಂಡಿಗೆ ಸುಮಾರು 82. ಆದ್ದರಿಂದ ತಂತಿಗಳು ಸಾಮಾನ್ಯ ಶ್ರುತಿಯಲ್ಲಿದ್ದರೆ ಸಾಫ್ಟ್‌ವೇರಿನಲ್ಲಿ 70 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದರೂ ಹಾಡಿಗೆ ನಷ್ಟವಾಗುವುದಿಲ್ಲ.

ಮೈಕನ್ನು ಗಿಟಾರಿನ ದುಂಡು ರಂಧ್ರದ ಎದುರಿಗೇ ಇಡುವುದು ಸಾಮಾನ್ಯವಾಗಿ ಆಗುವ ತಪ್ಪು. ಗಿಟಾರಿನ ಒಡಲಿನ ಗಾಳಿ ಸುಮಾರು 100 ಹರ್ಟ್ಸ್‌ನ ಆಸುಪಾಸಿನಲ್ಲಿ ಜೋರಾಗಿ ಅನುರಣಿಸುತ್ತದೆ, ಆ ಗುಂಗು ನೇರವಾಗಿ ಮೈಕಿಗೆ ಹೊಕ್ಕು ಸ್ವರಗಳನ್ನು ಮಸುಕು ಮಾಡುತ್ತದೆ. ಕುತ್ತಿಗೆಯ 12ನೆಯ ಫ್ರೆಟ್ಟಿನ ಬಳಿ, 20ರಿಂದ 30 ಸೆಂಟಿಮೀಟರ್ ದೂರದಲ್ಲಿ ಇಟ್ಟು, ಅಲ್ಲಿಂದ ಬೆರಳಷ್ಟು ಬೆರಳಷ್ಟು ಸರಿಸುತ್ತ ಕೇಳಿ. ತಗ್ಗಿದ ಸದ್ದನ್ನೂ ಸ್ಪಷ್ಟವಾಗಿ ಹಿಡಿಯುವ 24 ಬಿಟ್‌ನಲ್ಲಿ ಮುದ್ರಿಸಿಕೊಂಡರೆ ಧ್ವನಿಯ ಮಟ್ಟವನ್ನು ತಗ್ಗಿಸಿಟ್ಟುಕೊಳ್ಳಲು ಹೆದರಬೇಕಿಲ್ಲ.

ಶ್ರುತಿಯ ತೊಂದರೆಗೆ ಕಾರಣ ಹವೆ. ಗಿಟಾರಿನ ಮರಕ್ಕೆ ಶೇಕಡಾ 45ರಿಂದ 55ರಷ್ಟು ತೇವಾಂಶ ಹಿತ. 40 ಡಿಗ್ರಿ ಮೀರುವ ನಮ್ಮ ಬೇಸಿಗೆಯ ಒಣಗಾಳಿಯಲ್ಲಿ ಮರ ಕುಗ್ಗಿ, ಫ್ರೆಟ್ಟಿನ ತುದಿಗಳು ಹೊರಚಾಚುತ್ತವೆ, ಕೆಲವೊಮ್ಮೆ ಮುಂಬದಿಯ ಹಲಗೆಯೇ ಬಿರುಕು ಬಿಡುತ್ತದೆ. ನುಡಿಸದಿರುವಾಗ ಪೆಟ್ಟಿಗೆಯೊಳಗೆ, ತೂತು ಮಾಡಿದ ಸಣ್ಣ ಡಬ್ಬಿಯಲ್ಲಿ ಹಿಂಡಿದ ಒದ್ದೆ ಸ್ಪಂಜನ್ನು ಇಟ್ಟು ಮುಚ್ಚಿಡಿ. ನೀರು ಮರಕ್ಕೆ ತಾಗದಂತೆ ನೋಡಿಕೊಳ್ಳಿ. ಪ್ರತಿ ಟೇಕಿಗೆ ಮೊದಲು ಶ್ರುತಿ ಪರೀಕ್ಷಿಸುವುದು ಕಡ್ಡಾಯ.

ಪ್ರಶ್ನೆ: ಅಜ್ಜಿ ಹಾಡುತ್ತಿದ್ದ ಬೀಸುವ ಪದದ ಮಟ್ಟಿಗೆ ಹೊಸ ಸಾಹಿತ್ಯ ಬರೆದಿದ್ದೇನೆ. ಅದನ್ನು ನನ್ನ ಆಲ್ಬಮಿನಲ್ಲಿ ಸೇರಿಸಿದರೆ ಹಕ್ಕಿನ ತಕರಾರು ಬರುತ್ತದೆಯೇ? (ಓದುಗರು, ಕೊಪ್ಪಳ)

ಉತ್ತರ: ಕರ್ತೃ ಯಾರೆಂದು ತಿಳಿಯದೆ ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದ ಮಟ್ಟನ್ನು ಬಳಸಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ಅದೇ ಪದವನ್ನು ಈಚೆಗೆ ಯಾರಾದರೂ ಹೊಸದಾಗಿ ಸಂಯೋಜಿಸಿ ಬಿಡುಗಡೆ ಮಾಡಿದ್ದರೆ ಅವರು ಸೇರಿಸಿದ ಹೊಸ ಭಾಗವನ್ನಾಗಲಿ ಅವರ ಧ್ವನಿಮುದ್ರಣದ ತುಣುಕನ್ನಾಗಲಿ ಅನುಮತಿಯಿಲ್ಲದೆ ಎತ್ತಿಕೊಳ್ಳಬಾರದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ ಒಂದು ಹಕ್ಕು, ರಾಗಸಂಯೋಜನೆ ಇನ್ನೊಂದು, ಧ್ವನಿಮುದ್ರಣ ಮತ್ತೊಂದು. ಮೊದಲ ಎರಡು ಕರ್ತೃವಿನ ಜೀವಿತಾವಧಿ ಮತ್ತು ನಂತರದ 60 ವರ್ಷ, ಮೂರನೆಯದು ಪ್ರಕಟಣೆಯಿಂದ 60 ವರ್ಷ ಇರುತ್ತದೆ. ನಿಮ್ಮ ಹೊಸ ಸಾಹಿತ್ಯದ ಹಕ್ಕು ನಿಮ್ಮದೇ, ಅದಕ್ಕೆ ನೋಂದಣಿ ಕಡ್ಡಾಯವಲ್ಲ.

ಧ್ವನಿಮುದ್ರಣಕ್ಕೆ ಬೇರೆಯವರು ಹಣ ಹಾಕುತ್ತಿದ್ದರೆ ಒಪ್ಪಂದದ ಕಾಗದವನ್ನು ಓದಿಯೇ ಸಹಿ ಹಾಕಿ, ಏಕೆಂದರೆ ಧ್ವನಿಮುದ್ರಣದ ಹಕ್ಕು ನಿರ್ಮಾಪಕರಿಗೆ ಸೇರುತ್ತದೆ. 2012ರ ತಿದ್ದುಪಡಿಯ ನಂತರ, ಸಾಹಿತ್ಯ ಮತ್ತು ರಾಗದ ಹಕ್ಕನ್ನು ಬರೆದುಕೊಟ್ಟರೂ ಸಮಪಾಲಿನ ರಾಯಧನ ಪಡೆಯುವ ಅಧಿಕಾರ ಗೀತರಚನಕಾರರಲ್ಲೂ ಸಂಗೀತ ಸಂಯೋಜಕರಲ್ಲೂ ಉಳಿಯುತ್ತದೆ. ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕಲ್ಲದೆ ಬೇರೆಯವರಿಗೆ ಅದನ್ನು ಬಿಟ್ಟುಕೊಡುವಂತಿಲ್ಲ. ಇನ್ನು ಆಲ್ಬಮಿನ ವಿವರಣೆಯಲ್ಲಿ ‘ಸಾಂಪ್ರದಾಯಿಕ’ ಎಂದಷ್ಟೇ ಬರೆದು ಬಿಡಬೇಡಿ. ಅದು ಬೀಸುವ ಪದ, ಇಂಥ ಊರಿನದು, ಅಜ್ಜಿಯಿಂದ ಕಲಿತದ್ದು ಎಂದು ಅವರ ಹೆಸರಿನೊಂದಿಗೆ ದಾಖಲಿಸಿ, ಅವರು ಹಾಡಿದ ಮೂಲ ಪದವನ್ನೂ ಪೂರ್ತಿಯಾಗಿ ಧ್ವನಿಮುದ್ರಿಸಿ ಇಟ್ಟುಕೊಳ್ಳಿ.