ನಿಮ್ಮ ಲೇಖನ ಡಿಪೊದಿಂದ ಹೊರಡಲಿ

ಪ್ರಿಯ ಲೇಖಕರೇ,

ಲಂಡನ್ನಿನ ವಿಕ್ಟೋರಿಯಾ ಸುರಂಗ ಮಾರ್ಗದ ಹಳೆಯ ಸಿಗ್ನಲ್ ವ್ಯವಸ್ಥೆಯ ಬಗ್ಗೆ ನೀವು ಕಳಿಸಿದ ಹನ್ನೆರಡು ಪುಟಗಳನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಆದರೆ ಒಂಬತ್ತನೆಯ ಪುಟದ ಒಂದು ಪ್ಯಾರಾ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಅದಕ್ಕಾಗಿಯೇ ಈ ಪತ್ರ.

ಮೊದಲ ಎಂಟು ಪುಟಗಳಲ್ಲಿ 1863ರ ಉಗಿಬಂಡಿಯಿಂದ ಹಿಡಿದು ಇಸವಿಗಳೆಲ್ಲ ಸರಿಯಾಗಿವೆ, ಆದರೆ ಒಂದು ರೈಲೂ ಕದಲುವುದಿಲ್ಲ. ಒಂಬತ್ತನೆಯ ಪುಟದಲ್ಲಿ ನಸುಕಿಗೆ ಮುಂಚೆ ನಾರ್ತಂಬರ್ಲೆಂಡ್ ಪಾರ್ಕ್ ಡಿಪೊದಿಂದ ಖಾಲಿ ರೈಲೊಂದು ಹೊರಡುತ್ತದೆ. ಲೇಖನ ಶುರುವಾಗಬೇಕಾದದ್ದು ಅಲ್ಲಿಂದ. ನಿಲ್ದಾಣಗಳೆಲ್ಲ ನೆಲದಡಿಯಲ್ಲಿರುವ ಆ ಮಾರ್ಗದಲ್ಲಿ ರೈಲಿಗೆ ಆಕಾಶ ಕಾಣುವುದು ಡಿಪೊದ ಕಡೆ ಮಾತ್ರ. ಅಲ್ಲಿ ಚಾಲಕ ಕೈಯಾರೆ, ನಿಧಾನವಾಗಿ ರೈಲು ನಡೆಸುತ್ತಿದ್ದ. ಸೆವೆನ್ ಸಿಸ್ಟರ್ಸ್ ನಿಲ್ದಾಣದ ಬಳಿ ಮುಖ್ಯ ಹಳಿಯನ್ನು ಸೇರಿದ ಮೇಲೆ ಓಟ ಯಂತ್ರದ ವಶಕ್ಕೆ ಹೋಗುತ್ತಿತ್ತು. ಇಷ್ಟು ದೊಡ್ಡ ಬದಲಾವಣೆಯನ್ನು ನೀವು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಅದಕ್ಕೆ ಒಂದು ಪುಟವನ್ನೇ ಕೊಡಿ.

'ಚಾಲಕನಿಲ್ಲದ ರೈಲು' ಎಂಬ ಮಾತನ್ನು ಹೊಡೆದುಹಾಕಿ. 1968ರ ಸೆಪ್ಟೆಂಬರ್ 1ರಂದು ಮಾರ್ಗದ ಮೊದಲ ಭಾಗ ತೆರೆದಾಗ ರೈಲಿನಲ್ಲಿ ಗಾರ್ಡ್ ಇರಲಿಲ್ಲ, ನಿಜ. ಮುಂದಿನ ಕ್ಯಾಬಿನಲ್ಲಿ ಒಬ್ಬ ಇದ್ದ. ಅವನು ಬಾಗಿಲು ಮುಚ್ಚಿ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಮಾತ್ರ ರೈಲು ಕದಲುತ್ತಿತ್ತು.

ಆಮೇಲೆ ವೇಗವನ್ನು ನಿರ್ಧರಿಸುತ್ತಿದ್ದದ್ದು ಏನು? ನೀವು 'ಸಂಕೇತಾಧಾರಿತ ವೇಗ ನಿಯಂತ್ರಣ ಪ್ರಣಾಲಿ' ಎಂದು ಬರೆದು ಮುಂದೆ ಹೋಗಿದ್ದೀರಿ. ಓದುಗನಿಗೆ ಏನೂ ಕಾಣಿಸಲಿಲ್ಲ. ಹಳಿಯಲ್ಲಿ ವಿದ್ಯುತ್ತು ನಾಡಿಯ ಹಾಗೆ ಮಿಡಿಯುತ್ತಿತ್ತು ಎನ್ನಿ. ನಿಮಿಷಕ್ಕೆ 420 ಮಿಡಿತ ಸಿಕ್ಕರೆ ಪೂರ್ಣ ವೇಗ. 270 ಅಥವಾ 180 ಸಿಕ್ಕರೆ ನಿಧಾನ. ಮಿಡಿತವೇ ಸಿಗದಿದ್ದರೆ ತುರ್ತು ಬ್ರೇಕ್. ತಂತಿ ಕಡಿದರೂ ರೈಲು ನಿಲ್ಲಬೇಕು, ಕೆಟ್ಟ ಯಂತ್ರ ಎಂದಿಗೂ 'ಹೋಗು' ಎನ್ನಬಾರದು ಎಂಬ ಸಿಗ್ನಲ್ ಎಂಜಿನಿಯರುಗಳ ಹಟ ಈ ಲೆಕ್ಕದೊಳಗೇ ಇದೆ. ಇನ್ನು 'ಕೈಮರ' ನನಗೂ ಇಷ್ಟವಾದ ಪದ. ಆದರೆ ಅದು ಕೈ ಎತ್ತಿ ಇಳಿಸುವ ಹಳೆಯ ಕಂಬಕ್ಕೆ ಸಲ್ಲುತ್ತದೆ. ಇಲ್ಲಿ 'ಸಿಗ್ನಲ್' ಎಂದೇ ಬರೆಯಿರಿ.

ನನಗೆ ಹೆಚ್ಚು ಬೇಸರವಾದದ್ದು ಪ್ರೋಗ್ರಾಮ್ ಯಂತ್ರದ, ಅಂದರೆ ವೇಳಾಪಟ್ಟಿಯಂತೆ ರೈಲುಗಳಿಗೆ ದಾರಿ ಕೇಳುವ ಯಂತ್ರದ, ಭಾಗದಲ್ಲಿ. ಲಂಡನ್ ಸುರಂಗ ರೈಲಿನ ಸಿಗ್ನಲ್ ಎಂಜಿನಿಯರ್ ರಾಬರ್ಟ್ ಡೆಲ್ ಅವರ ಕಾಲದಲ್ಲಿ, 1950ರ ದಶಕದಲ್ಲಿ ಅಲ್ಲಿನ ನಾರ್ದರ್ನ್ ಮಾರ್ಗಕ್ಕೆ ಬಂದ ಆ ಯಂತ್ರ ವಿಕ್ಟೋರಿಯಾ ಮಾರ್ಗದಲ್ಲೂ ದುಡಿಯಿತು. ತೂತು ಹೊಡೆದ ಪ್ಲಾಸ್ಟಿಕ್ ಸುರುಳಿಯೇ ಅದರ ವೇಳಾಪಟ್ಟಿ. ಒಂದು ರೈಲಿಗೆ ಒಂದು ಸಾಲು ತೂತು. ಆ ರೈಲು ದಾಟಿದರೆ ಸುರುಳಿ ಒಂದು ಸಾಲು ಮುಂದೆ. ರೇಷ್ಮೆ ಸೀರೆ ನೇಯುವ ಜಕಾರ್ಡ್ ಮಗ್ಗದ ಮೇಲೆ ತೂತಿನ ರಟ್ಟುಗಳು ಸರಿಯುವುದನ್ನು ನಮ್ಮ ಓದುಗರಲ್ಲಿ ಹಲವರು ಕಂಡಿರುತ್ತಾರೆ. ಅದನ್ನು ನೆನಪಿಸಿದರೆ ಅರ್ಧ ವಿವರಣೆ ಮುಗಿಯಿತು.

ಆದರೆ ಈ ಯಂತ್ರವೇ ರೈಲಿಗೆ ದಾರಿ ಬಿಡುತ್ತಿತ್ತು ಎಂದು ಬರೆದಿದ್ದೀರಿ. ಇದು ಸಣ್ಣ ತಪ್ಪಲ್ಲ. ಸುರುಳಿಗೆ ದಾರಿ ಕೇಳುವ ಅಧಿಕಾರ ಮಾತ್ರ ಇತ್ತು. ಕೊಡುವುದು, ಬಿಡುವುದು ಇಂಟರ್‌ಲಾಕಿಂಗ್ ಕೈಯಲ್ಲಿತ್ತು, ಅಂದರೆ ಒಂದಕ್ಕೊಂದು ಅಡ್ಡಬರುವ ದಾರಿಗಳನ್ನು ಒಟ್ಟಿಗೆ ತೆರೆಯಗೊಡದ ಸುರಕ್ಷತಾ ವ್ಯವಸ್ಥೆಯ ಕೈಯಲ್ಲಿ. ಅದೇ ಹಳಿಯಲ್ಲಿ ಇನ್ನೊಂದು ರೈಲು ನಿಂತಿದ್ದರೆ ಸುರುಳಿ ಎಷ್ಟು ಕೇಳಿದರೂ ದಾರಿ ಸಿಗುತ್ತಿರಲಿಲ್ಲ. ಸುರುಳಿಯಲ್ಲಿ ತೂತು ತಪ್ಪಾಗಿದ್ದರೆ ರೈಲು ತಡವಾಗಬಹುದಿತ್ತು, ಬೇರೆ ಪ್ಲಾಟ್‌ಫಾರ್ಮಿಗೆ ಹೋಗಬಹುದಿತ್ತು. ಅಪಘಾತಕ್ಕೆ ಅದು ದಾರಿ ಮಾಡುತ್ತಿರಲಿಲ್ಲ. ವೇಳೆ ನೋಡುವ ಯಂತ್ರವನ್ನೂ ಜೀವ ಕಾಯುವ ಯಂತ್ರವನ್ನೂ ಹೀಗೆ ಬೇರೆಯಾಗಿ ಇಟ್ಟದ್ದೇ ನಿಮ್ಮ ವಿಷಯದ ತಿರುಳು. ನಿಮ್ಮ ಟಿಪ್ಪಣಿಗಳಲ್ಲಿ ಇದು ಇದ್ದೇ ಇರಬೇಕು, ಮತ್ತೆ ಹುಡುಕಿ.

ಕೊನೆಯ ಎರಡು ಪುಟಗಳ ನಮ್ಮ ಮೆಟ್ರೊ ಬೇರೆಯೇ ಲೇಖನ, ಸದ್ಯಕ್ಕೆ ತೆಗೆದಿಡಿ. ಆ ಖಾಲಿ ರೈಲನ್ನು ಡಿಪೊದಿಂದ ಹೊರಡಿಸಿ, ಮೊದಲ ಪ್ರಯಾಣಿಕ ಹತ್ತಿದಲ್ಲಿಗೆ ನಿಲ್ಲಿಸಿ. ಐದು ಪುಟ ಸಾಕು. ಮುಂದಿನ ತಿಂಗಳ 10ರೊಳಗೆ ಕಳಿಸಿದರೆ ನಾನೇ ಓದುತ್ತೇನೆ.

ನಿಮ್ಮ ವಿಶ್ವಾಸಿ,
ಸಂಪಾದಕ