ಗೆದ್ದ ಮೇಲೆ ಕೌನ್ಸಿಲ್‌ನ ಕೇಳೋದು ಹೇಗೆ
ಆನ್‌ಲೈನ್ ಗ್ರೂಪ್ ನೋಡ್ಕೊಳ್ಳೋಕೆ ಆರಿಸಿದ ಕೌನ್ಸಿಲ್‌ನ ಮೆಂಬರ್ ಒಬ್ರು ತಮ್ಮ ಫ್ರೆಂಡ್ ಮೇಲಿನ ಕಂಪ್ಲೇಂಟನ್ನ ತಾವೇ ಮುಚ್ಚಿಹಾಕಿದ್ರು, ಓಟ್ ಹಾಕಿದ ನಾವು ಏನ್ ಮಾಡ್ಬೋದು ಅಂತ ಕೇಳಿದೀರಲ್ಲ, ದಯವಿಟ್ಟು ಮುಂದಿನ ಎಲೆಕ್ಷನ್ ತನಕ ಕಾಯ್ಬೇಡಿ. ಇಂಗ್ಲಿಷ್ ವಿಕಿಪೀಡಿಯಾದ ಆರ್ಬಿಟ್ರೇಶನ್ ಕಮಿಟಿ (ಅಲ್ಲಿನ ಜಗಳ ಬಗೆಹರಿಸೋಕೆ ಓಟ್ ಹಾಕಿ ಆರಿಸೋ ಕಮಿಟಿ) ರೂಲ್ಸ್ ನೋಡಿ, ತಮಗೆ ಸಂಬಂಧ ಇರೋ ಕೇಸಿಂದ ಮೆಂಬರ್ ಹಿಂದೆ ಸರೀಬೇಕು, ಪದೇ ಪದೇ ತಪ್ಪು ನಡ್ಕೊಂಡ್ರೆ ಉಳಿದವರಲ್ಲಿ 3ರಲ್ಲಿ 2 ಪಾಲು ಜನ ಒಪ್ಪಿ ತೆಗೆದುಹಾಕ್ಬೋದು. ನಮ್ಮ ಜಯನಗರದ ಗ್ರೂಪಲ್ಲೂ ಹಿಂಗೇ ಆಗಿತ್ತು, ಕೌನ್ಸಿಲ್ ಮೆಂಬರ್ ಒಬ್ರು ರಾತ್ರಿ ಹನ್ನೊಂದಕ್ಕೆ ಒಂದು ಹುಡುಗೀನ ಬ್ಲಾಕ್ ಮಾಡಿ ಬೆಳಗ್ಗೆ ಕಾರಣ ಕೇಳಿದ್ರೆ 'ಕೌನ್ಸಿಲ್ ನಿರ್ಧಾರ' ಅಂದ್ರು, ಕೌನ್ಸಿಲ್‌ನ ಉಳಿದ ಐದು ಜನಕ್ಕೆ ವಿಷಯಾನೇ ಗೊತ್ತಿರ್ಲಿಲ್ಲ! ತುಂಬಾ ಬೇಜಾರಾಯ್ತು. ಅವತ್ತಿಂದ ಕೌನ್ಸಿಲ್ ನಿರ್ಧಾರದಲ್ಲಿ ಯಾರು ಯಾವ ಕಡೆ ಓಟ್ ಹಾಕಿದ್ರು ಅಂತ ಹೆಸರು ಸಮೇತ ಗ್ರೂಪಲ್ಲಿ ಹಾಕ್ಲೇಬೇಕು ಅಂತ ಮಾಡಿದ್ವಿ. ನೀವೂ ತಾರೀಕು, ಸ್ಕ್ರೀನ್‌ಶಾಟ್ ಇಟ್ಕೊಂಡು ಕೌನ್ಸಿಲ್‌ನ ಎಲ್ಲಾ ಮೆಂಬರ್ಸ್‌ಗೂ ಒಟ್ಟಿಗೇ ಬರೀರಿ, ಒಬ್ರಿಗೇ ಅಲ್ಲ.